ಬೆವರು ಸುರಿಸಿದರೂ ಫಲ ಕಾಣದಾಗ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ಯುವಕನೊಬ್ಬ ಕೆಲವು ತಿಂಗಳ ಹಿಂದೆ ನನ್ನನ್ನು ಕಾಣಲು ಬಂದಿದ್ದ. ಪಾಪನಿವೇದನೆಗೆ ಬಂದವನಲ್ಲ. ಅಂಗಳದ ಕಲ್ಲುಬೆಂಚಿನ ಮೇಲೆ ಕುಳಿತು ಮಾತನಾಡಿದ್ದು. ಅದನ್ನು ಇಲ್ಲಿ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಮಾತ್ರ ಬೇಡವೆಂದಿದ್ದಾನೆ.

ಎರಡು ವರ್ಷಗಳಿಂದ ಅವನು ಜಿಮ್‌ಗೆ ಹೋಗುತ್ತಿದ್ದಾನೆ. ಮೊದಲ ವರ್ಷ ಮೈ ತುಂಬಿಕೊಂಡಿತು, ತೋಳು ಗಟ್ಟಿಯಾಯಿತು, ಗೆಳೆಯರು ಮೆಚ್ಚಿದರು. ಆಮೇಲೆ ಎಂಟು ತಿಂಗಳು ಏನೂ ಆಗಲಿಲ್ಲ. ಎತ್ತುವ ಭಾರ ಒಂದು ಕಿಲೋ ಕೂಡ ಏರಲಿಲ್ಲ. ಒಂದು ಗಂಟೆಯ ವ್ಯಾಯಾಮವನ್ನು ಎರಡು ಗಂಟೆ ಮಾಡಿದ. ವಾರಕ್ಕೆ ಆರು ದಿನ ಇದ್ದುದನ್ನು ಏಳು ಮಾಡಿದ. ಹಾಗೆ ಭಾನುವಾರದ ಪೂಜೆಯೂ ತಪ್ಪಿತು. ರಾತ್ರಿ ಪಾಳಿ ಮುಗಿಸಿ ಬಂದು ಐದು ಗಂಟೆ ನಿದ್ದೆ, ಮತ್ತೆ ಕಬ್ಬಿಣದ ಮುಂದೆ. ಭುಜ ನೋಯುತ್ತಿತ್ತು. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲೂ ಬೇಸರ. ಇಷ್ಟಾದರೂ ಕನ್ನಡಿಯಲ್ಲಿ ಅದೇ ಮೈ. ಕೊನೆಗೆ ಯಾರೋ ಒಬ್ಬರು ಅವನಿಗೆ ಇಂಜೆಕ್ಷನ್ ತೆಗೆದುಕೊಳ್ಳುವ ದಾರಿ ತೋರಿಸಿದ್ದರು. ಮೂರು ತಿಂಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಹೇಳಿದ್ದರು.

"ಫಾದರ್, ಅದನ್ನು ತಗೊಂಡರೆ ಪಾಪವಾ? ಅಥವಾ ಎಲ್ಲಾ ಬಿಟ್ಟುಬಿಡಲಾ?" ಇದು ಅವನ ಪ್ರಶ್ನೆ.

ಪ್ರಿಯ ಓದುಗರೇ, ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣ, ಅದೇ ಕಾಯಿಲೆ ಬೇರೊಂದು ರೂಪದಲ್ಲಿ ನನಗೂ ಬಂದಿತ್ತು. ಮೂರು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ಹೇಳಿದಾಗ ಬೆಳಗಿನ ಪೂಜೆಗೆ ಮುಂಚೆ ನಡೆಯಲು ಆರಂಭಿಸಿದೆ. ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಪೀಠದಿಂದ ಪ್ರಬೋಧನೆಯಲ್ಲೂ ಅದನ್ನು ಹೇಳಿಕೊಂಡೆ. ಆಮೇಲೆ ತೂಕದ ಮುಳ್ಳು ಅಲ್ಲೇ ನಿಂತಿತು. ನಾನು ಛಲ ಹಿಡಿದು ನಡಿಗೆಯನ್ನು ಎರಡು ಪಟ್ಟು ಮಾಡಿದೆ, ರಾತ್ರಿಯ ಊಟ ಬಿಟ್ಟೆ. ಮೊಣಕಾಲು ಊದಿತು. ಗಂಟೆ ಬಾರಿಸಲು ಮರೆತ ಪೂಜಾ ಸೇವಕ ಹುಡುಗನ ಮೇಲೆ ಅವನು ಅಳುವಷ್ಟು ರೇಗಿದೆ. ಒಂದು ದಿನ ಬೂಟುಗಳನ್ನು ಮಂಚದ ಕೆಳಗೆ ತಳ್ಳಿದವನು ನಾಲ್ಕು ತಿಂಗಳು ತೆಗೆಯಲಿಲ್ಲ. ಬಿಟ್ಟದ್ದು ನಡಿಗೆಯನ್ನು ಮಾತ್ರವಲ್ಲ. ಪ್ರಾತಃಕಾಲದ ಪ್ರಾರ್ಥನೆಯೂ ಅದರ ಜೊತೆಗೆ ಸಡಿಲವಾಯಿತು.

ಆದ್ದರಿಂದ ಆ ಯುವಕನ ಪ್ರಶ್ನೆ ಜಿಮ್‌ನ ಪ್ರಶ್ನೆ ಮಾತ್ರವಲ್ಲ. ಪ್ರಯತ್ನ ಪಟ್ಟರೂ ಫಲ ಕಾಣದಾಗ ಮನುಷ್ಯನ ಕರ್ತವ್ಯವೇನು? ಮುಂದುವರಿಯುವುದು ಯಾವಾಗ ಸದ್ಗುಣ, ಯಾವಾಗ ಹಟ? ನಿಲ್ಲಿಸುವುದು ಯಾವಾಗ ವಿವೇಕ, ಯಾವಾಗ ಸೋಮಾರಿತನ? ಓದಿನಲ್ಲಿ, ಕೃಷಿಯಲ್ಲಿ, ದಾಂಪತ್ಯದಲ್ಲಿ, ಪ್ರಾರ್ಥನೆಯಲ್ಲಿ ನಮ್ಮೆಲ್ಲರಿಗೂ ಎದುರಾಗುವ ಪ್ರಶ್ನೆ ಇದು.

ಮೊದಲು ದೇಹದ ನಿಯಮವನ್ನು ತಿಳಿಯೋಣ. ದೇವರ ಸೃಷ್ಟಿಯ ನಿಯಮವನ್ನು ತಿಳಿಯದೆ ದೇವರ ಚಿತ್ತವನ್ನು ಹುಡುಕುವುದು ಸರಿಯಲ್ಲ.

ನಮ್ಮ ದೇಹ ಕಲಿಯುವ ದೇಹ. ಹೊಸ ಭಾರ ಹೊರಿಸಿದಾಗ ಅದು ಮೊದಲು ಕಂಗೆಡುತ್ತದೆ, ಬಳಿಕ ಹೊಂದಿಕೊಳ್ಳುತ್ತದೆ. ವ್ಯಾಯಾಮದ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಬೇಗ ಹೆಚ್ಚುವುದಕ್ಕೆ ಮುಖ್ಯ ಕಾರಣ, ಇರುವ ಸ್ನಾಯುಗಳನ್ನೇ ಚೆನ್ನಾಗಿ ಬಳಸಲು ನರಗಳು ಕಲಿಯುವುದು. ಸ್ನಾಯು ಬೆಳೆಯುವುದು ಆಮೇಲೆ, ಅದೂ ನಿಧಾನವಾಗಿ. ತೂಕ ಇಳಿಸುವವರ ವಿಷಯವೂ ಹೀಗೆಯೇ. ದೇಹ ಹಗುರವಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, ಅದೇ ದಾರಿಯನ್ನು ನಡೆದರೂ ಮೊದಲಿನಷ್ಟು ಖರ್ಚಾಗುವುದಿಲ್ಲ. ಹೀಗಾಗಿ ಬೆಳವಣಿಗೆ ನಿಂತಿತೆಂದರೆ ಅದು ಸೋಲಿನ ಗುರುತೇ ಆಗಬೇಕಿಲ್ಲ. ದೇಹ ಕೊಟ್ಟ ಪಾಠವನ್ನು ಕಲಿತು ಮುಗಿಸಿರಬಹುದು, ಇನ್ನೊಂದು ಪಾಠಕ್ಕೆ ಕಾಯುತ್ತಿರಬಹುದು.

ಎರಡನೆಯ ಸಾಧ್ಯತೆಯೂ ಉಂಟು. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಒತ್ತಡಕ್ಕೆ ಸಿಕ್ಕಿದ ದೇಹ ಮೂರು ಹಂತಗಳನ್ನು ದಾಟುವುದೆಂದು ತೋರಿಸಿಕೊಟ್ಟನು: ಮೊದಲು ಎಚ್ಚರ, ಬಳಿಕ ಎದುರಿಸುವಿಕೆ, ಒತ್ತಡ ನಿಲ್ಲದಿದ್ದರೆ ಕೊನೆಗೆ ಬಳಲಿ ಸೋಲುವುದು. ವ್ಯಾಯಾಮ ದೇಹವನ್ನು ಸವೆಸುತ್ತದೆ. ಕಟ್ಟುವ ಕೆಲಸ ನಡೆಯುವುದು ಊಟದಲ್ಲಿ, ನಿದ್ದೆಯಲ್ಲಿ, ಬಿಡುವಿನಲ್ಲಿ. ಕಟ್ಟಲು ಸಮಯ ಕೊಡದೆ ಸವೆಸುತ್ತಲೇ ಹೋದರೆ ಹೆಚ್ಚು ದುಡಿದಷ್ಟೂ ಕಡಿಮೆ ಸಿಗುತ್ತದೆ. ನಿದ್ದೆ ಕೆಡುವುದು, ಬೆಳಗ್ಗೆ ಏಳುವಾಗಲೇ ನಾಡಿ ಎಂದಿಗಿಂತ ವೇಗವಾಗಿರುವುದು, ಪದೇ ಪದೇ ನೆಗಡಿ, ಮಾಯದ ನೋವು, ಸಣ್ಣ ಮಾತಿಗೂ ಸಿಟ್ಟು, ಇವೆಲ್ಲ ಅದರ ಲಕ್ಷಣಗಳು.

ಮೂರನೆಯದು ಮಿತಿ. ಪ್ರಾಚೀನ ಗ್ರೀಕರ ಮಲ್ಲ ಮೈಲೋ ಕರುವೊಂದನ್ನು ದಿನವೂ ಹೊತ್ತು ತಿರುಗಿ, ಅದು ದೊಡ್ಡ ಹೋರಿಯಾದಾಗಲೂ ಹೊತ್ತನೆಂದು ಕಥೆಯಿದೆ. ತರಬೇತಿಗೆ ಒಳ್ಳೆಯ ಉದಾಹರಣೆಯೆಂದು ಅದನ್ನು ಹೇಳುತ್ತಾರೆ. ಆದರೆ ಹೋರಿ ಬೆಳೆಯುವುದನ್ನು ಒಂದು ದಿನ ನಿಲ್ಲಿಸುತ್ತದೆ, ಮೈಲೋನಿಗೂ ಒಂದು ದಿನ ವಯಸ್ಸಾಗುತ್ತದೆ. ನಾವು ಸೃಷ್ಟಿಕರ್ತರಲ್ಲ, ಸೃಷ್ಟಿಗಳು. ಐವತ್ತರ ದೇಹಕ್ಕೆ ಇಪ್ಪತ್ತೈದರ ಲೆಕ್ಕ ಹಾಕುವುದು ದೇವರು ಕೊಟ್ಟದ್ದನ್ನು ಕಾಣದೆ ಕೊಡದಿದ್ದುದಕ್ಕೆ ಗೊಣಗಿದಂತೆ.

ನಾಲ್ಕನೆಯದು ದೇಹದ್ದಲ್ಲ, ಮನಸ್ಸಿನದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ, ನಡುಹಗಲಿನಲ್ಲಿ ಬರುವ ಒಂದು ಜಡತೆಯನ್ನು ವರ್ಣಿಸಿದ್ದಾನೆ. ಸೂರ್ಯ ಚಲಿಸುವುದೇ ಇಲ್ಲವೆನಿಸುತ್ತದೆ, ಗುಡಿಸಲು ಬೇಡವೆನಿಸುತ್ತದೆ, ಮಾಡುತ್ತಿರುವ ಸತ್ಕಾರ್ಯವೇ ಅಸಹ್ಯವೆನಿಸುತ್ತದೆ. ಇದನ್ನು ಧರ್ಮಪಿತರು ಅಸೀಡಿಯ ಎಂದು ಕರೆದರು. ಸಂತ ತೋಮಸ್ ಅಕ್ವಿನಾಸರು ಇದನ್ನು ಒಳ್ಳೆಯದರ ಮುಂದೆ ಹುಟ್ಟುವ ದುಃಖವೆಂದು ವಿವರಿಸಿದರು.

ಇಲ್ಲಿಯೇ ನಾವು ಎಡವುವುದು. ಬಳಲಿಕೆ ಮತ್ತು ಜಡತೆ ಹೊರಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುತ್ತವೆ, ಎರಡರಲ್ಲೂ ಮನುಷ್ಯ "ನನ್ನ ಕೈಲಾಗದು" ಎನ್ನುತ್ತಾನೆ. ಆದರೆ ಔಷಧಿ ತದ್ವಿರುದ್ಧ. ಜಡತೆಗೆ ಮರುಭೂಮಿಯ ಹಿರಿಯರು ಕೊಟ್ಟ ಮದ್ದು, ಗುಡಿಸಲು ಬಿಟ್ಟು ಹೋಗಬೇಡ, ಇದ್ದಲ್ಲೇ ಇದ್ದು ಕೈಗೊಂಡ ಕೆಲಸವನ್ನು ಸ್ವಲ್ಪವಾದರೂ ಮಾಡು ಎಂಬುದು. ಬಳಲಿಕೆಗೆ ದೇವರು ಕೊಟ್ಟ ಮದ್ದು ಅರಸರು ಮೊದಲನೆಯ ಭಾಗದ 19ನೆಯ ಅಧ್ಯಾಯದಲ್ಲಿದೆ. ಕಾರ್ಮೆಲ್ ಬೆಟ್ಟದ ಮೇಲೆ ಗೆದ್ದ ಪ್ರವಾದಿ ಎಲೀಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಸಿದು, ಇನ್ನು ಸಾಕು, ಪ್ರಾಣ ತೆಗೆದುಕೋ ಎಂದು ಬೇಡಿಕೊಂಡ. ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟು, ಎಬ್ಬಿಸಿ ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದ. ದೇವರ ಮಾತು ಕೇಳಿಸಿದ್ದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಹಾಗಾದರೆ ನನಗೆ ಬಂದಿರುವುದು ಯಾವುದೆಂದು ತಿಳಿಯುವುದು ಹೇಗೆ? ನನ್ನ ಅನುಭವದಲ್ಲಿ ಸರಳವಾದ ಪರೀಕ್ಷೆ ಒಂದು ವಾರದ ನಿಜವಾದ ವಿಶ್ರಾಂತಿ. ಆ ವಾರ ಚೆನ್ನಾಗಿ ಉಣ್ಣಬೇಕು, ಚೆನ್ನಾಗಿ ನಿದ್ರಿಸಬೇಕು, ಅಪರಾಧಿ ಭಾವವಿಲ್ಲದೆ ಇರಬೇಕು. ಅದರ ಕೊನೆಗೆ ಮತ್ತೆ ಆಸೆ ಚಿಗುರಿದರೆ ಅದು ಬಳಲಿಕೆ. ವಿಶ್ರಾಂತಿ ಪಡೆದಷ್ಟೂ ಮನಸ್ಸು ಭಾರವಾಗುತ್ತಾ ಹೋದರೆ ಅದು ಜಡತೆಯಿರಬಹುದು, ಆಗ ಎದ್ದು ಹತ್ತು ನಿಮಿಷವಾದರೂ ನಡೆಯಬೇಕು. ಊಟ, ನಿದ್ದೆ, ಮಕ್ಕಳ ನಗು, ಯಾವುದೂ ವಾರಗಟ್ಟಲೆ ರುಚಿಸದಿದ್ದರೆ ಅದನ್ನು ಪಾಪವೆಂದೋ ಸೋಮಾರಿತನವೆಂದೋ ಹೆಸರಿಡದೆ ವೈದ್ಯರ ಬಳಿಗೆ ಹೋಗಬೇಕು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ.

ಗುರುಮಠದಲ್ಲಿ ಓದುವಾಗ ಸಂತ ತೋಮಸರ ಒಂದು ವಿಚಾರ ನನಗೆ ಒಣ ಪಾಠವಾಗಿ ಕಂಡಿತ್ತು. ಬೂಟು ಮಂಚದ ಕೆಳಗಿದ್ದ ದಿನಗಳಲ್ಲಿ ಅದು ಜೀವ ತಳೆಯಿತು. ತಮ್ಮ ‘ಸುಮ್ಮಾ ಥಿಯೊಲೊಜಿಯಾ’ ಗ್ರಂಥದಲ್ಲಿ ಅವರು ಸ್ಥಿರಪ್ರಯತ್ನವೆಂಬ ಸದ್ಗುಣಕ್ಕೆ ಎರಡು ಶತ್ರುಗಳನ್ನು ಹೇಳುತ್ತಾರೆ. ಒಂದು ಮೃದುತನ, ಅಂದರೆ ಕಷ್ಟ ಕಂಡೊಡನೆ ಬಿಟ್ಟೋಡುವುದು. ಇನ್ನೊಂದು ಹಟಮಾರಿತನ, ಅಂದರೆ ವಿವೇಕ ಬೇಡವೆಂದರೂ ಹಿಡಿದದ್ದನ್ನು ಬಿಡದಿರುವುದು. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ದೋಷವೆನ್ನುತ್ತೇವೆ, ಎರಡನೆಯದಕ್ಕೆ ಛಲವೆಂದು ಹೆಸರಿಟ್ಟು ಹಾರ ಹಾಕುತ್ತೇವೆ. ನಾನು ಆರು ತಿಂಗಳೊಳಗೆ ಎರಡನ್ನೂ ಮಾಡಿದ್ದೆ. ಮೊದಲು ಹಟ, ಹಟ ಮುರಿದಾಗ ಮೃದುತನ. ಇವು ವೈರಿಗಳಂತೆ ಕಂಡರೂ ಅಣ್ಣತಮ್ಮಂದಿರು. ಎರಡಕ್ಕೂ ಬೇಕಾದುದು ಈಗಲೇ ಫಲ.

ಅದೇ ಸಂತರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಪ್ರಾರ್ಥನೆಯ ಹೆಸರಿಟ್ಟು ಕೈತೊಳೆದುಕೊಳ್ಳುವುದಿಲ್ಲ. ನಿದ್ದೆ ಮತ್ತು ಸ್ನಾನವೂ ಮದ್ದೆಂದು ಒಂದು ಇಡೀ ಅಂಕಣದಲ್ಲಿ ವಾದಿಸುತ್ತಾರೆ! ಪ್ರೇಷಿತ ಸಂತ ಯೊವಾನ್ನರ ಬಗ್ಗೆ ಒಂದು ಹಳೆಯ ಕಥೆಯನ್ನೂ ಅವರು ನೆನೆಯುತ್ತಾರೆ. ಶಿಷ್ಯರೊಡನೆ ಆಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಗೊಂಡರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನನ್ನು ಯೊವಾನ್ನರು ಕರೆದು, ಬಾಣಗಳನ್ನು ಬಿಡುತ್ತಲೇ ಇರಲು ಸಾಧ್ಯವೇ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುವುದೆಂದು ಅವನು ಉತ್ತರಿಸಿದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು.

ಬಿಲ್ಲಿನ ಕಥೆ ದೂರದ್ದೆನಿಸಿದರೆ ನಮ್ಮ ಶಿಡ್ಲಘಟ್ಟದ ಕಡೆಗೆ ಬನ್ನಿ. ನಮ್ಮ ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಈ ವಿಷಯವನ್ನು ಯಾರೂ ಕಲಿಸಬೇಕಿಲ್ಲ. ರೇಷ್ಮೆ ಹುಳು ಸುಮಾರು ಇಪ್ಪತ್ತೈದು ದಿನಗಳಲ್ಲಿ ತನ್ನ ಹುಟ್ಟಿನ ತೂಕದ ಹತ್ತು ಸಾವಿರ ಪಟ್ಟಿನಷ್ಟು ಬೆಳೆಯುತ್ತದೆ. ಆದರೆ ಒಂದೇ ಸಮನೆ ಬೆಳೆಯುವುದಿಲ್ಲ, ನಡುವೆ ನಾಲ್ಕು ಸಲ ನಿಲ್ಲುತ್ತದೆ. ಸೊಪ್ಪು ಮುಟ್ಟದೆ, ತಲೆ ಎತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಕೂರುತ್ತದೆ. ಇದನ್ನು ರೈತರು ಜ್ವರವೆನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಅನುಭವಿಯಾದ ಯಾವ ತಾಯಿಯೂ ಗಾಬರಿಗೊಂಡು ಇನ್ನಷ್ಟು ಸೊಪ್ಪು ಸುರಿಯುವುದಿಲ್ಲ, ಹುಳುವನ್ನು ಕದಲಿಸುವುದೂ ಇಲ್ಲ. ಸುಣ್ಣದ ಪುಡಿ ಎರಚಿ ಹಾಸಿಗೆಯನ್ನು ಒಣಗಿಸಿ, ಗಾಳಿ ಆಡಲು ಬಿಟ್ಟು ಕಾಯುತ್ತಾಳೆ. ಹಳೆಯ ಚರ್ಮ ಇನ್ನು ಹಿಗ್ಗಲಾರದು. ಅದನ್ನು ಕಳಚದೆ ಮುಂದಿನ ಬೆಳವಣಿಗೆಯಿಲ್ಲ. ಹೊರಗೆ ಏನೂ ನಡೆಯದಂತೆ ಕಾಣುವ ಆ ದಿನವೇ ಒಳಗೆ ದೊಡ್ಡ ಕೆಲಸದ ದಿನ. ಜ್ವರ ಮುಗಿದ ಮೇಲಾದರೋ, ಹೊತ್ತಿಗೆ ಸರಿಯಾಗಿ ಸೊಪ್ಪು ಕೊಡದಿದ್ದರೆ ಹುಳು ಕೆಡುತ್ತದೆ. ಕಾಯುವುದೂ ಕರ್ತವ್ಯ, ಮತ್ತೆ ಆರಂಭಿಸುವುದೂ ಕರ್ತವ್ಯ.

ನಮ್ಮ ನಾಡಿನ ಆಟಗಾರರೊಬ್ಬರ ಜೀವನದಲ್ಲೂ ಇದನ್ನು ಕಾಣಬಹುದು. ಕೊಡಗಿನ ರೋಹನ್ ಬೋಪಣ್ಣ 2021ರಲ್ಲಿ ತಿಂಗಳುಗಟ್ಟಲೆ ಗೆಲುವು ಕಾಣದೆ, ಟೆನಿಸ್ ಬಿಟ್ಟುಬಿಡೋಣವೇ ಎಂದು ಯೋಚಿಸಿದ್ದಾಗಿ ಹೇಳಿಕೊಂಡಿದ್ದಾರೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಅವರು ಹಳೆಯ ವ್ಯಾಯಾಮವನ್ನೇ ಇಮ್ಮಡಿ ಮಾಡಲಿಲ್ಲ. ದೇಹವನ್ನು ನಿಧಾನವಾಗಿ, ಆಧಾರಗಳ ಸಹಾಯದಿಂದ ಬಲಪಡಿಸುವ ಅಯ್ಯಂಗಾರ್ ಪದ್ಧತಿಯ ಅಭ್ಯಾಸದಿಂದ ತಮ್ಮ ಕಾಲಿಗೆ ಉಪಕಾರವಾಯಿತೆಂದು ಅವರು ಹೇಳಿದ್ದಾರೆ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರರು ನಮ್ಮ ನೆರೆಯವರೇ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯ, ಕ್ಷಯ, ಟೈಫಾಯಿಡ್‌ಗಳಿಂದ ನರಳಿದ ದುರ್ಬಲ ಹುಡುಗ. ಬಗ್ಗದ ದೇಹಕ್ಕೆ ಹಗ್ಗ, ದಿಂಬು, ಮರದ ತುಂಡುಗಳ ಆಧಾರ ಕೊಡಬೇಕೆಂದು ಅವರಿಗೆ ತಿಳಿದದ್ದು ಆ ದೌರ್ಬಲ್ಯದ ಅನುಭವದಿಂದಲೂ ಇರಬೇಕು. ಇಂಥ ಅಭ್ಯಾಸಗಳ ಬಗ್ಗೆ ನಮ್ಮಲ್ಲಿ ಕೆಲವರಿಗೆ ಸಂಶಯಗಳಿವೆ. ದೇಹದ ಭಂಗಿಗಳು ಕೊಡುವ ಶಾಂತಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ತಪ್ಪು ತಿಳಿಯಬಾರದೆಂದು ಧರ್ಮಸಭೆ 1989ರ ಪತ್ರವೊಂದರಲ್ಲಿ ಎಚ್ಚರಿಸಿದೆ. ಆ ಎಚ್ಚರ ಇರಲಿ. ಬಿಗಿದ ಮೊಣಕಾಲನ್ನು ತಾಳ್ಮೆಯಿಂದ ಸಡಿಲಿಸಲು ಆ ಎಚ್ಚರ ಅಡ್ಡಿಯಾಗದು.

ಇನ್ನು ಆ ಇಂಜೆಕ್ಷನ್ನಿನ ಪ್ರಶ್ನೆ. ವೈದ್ಯರ ಸಲಹೆಯಿಲ್ಲದೆ ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟಿರಾಯ್ಡ್‌ಗಳು ಹೃದಯ ಮತ್ತು ಪಿತ್ತಜನಕಾಂಗಕ್ಕೆ ಹಾನಿ ಮಾಡಬಲ್ಲವು, ಸಂತಾನಶಕ್ತಿಯನ್ನು ಕುಗ್ಗಿಸಬಲ್ಲವು, ಸ್ವಭಾವವನ್ನೇ ಕೆರಳಿಸಬಲ್ಲವು. ಕೊಲ್ಲಬೇಡ ಎಂಬ ಐದನೆಯ ಆಜ್ಞೆ ನಮ್ಮ ಸ್ವಂತ ಜೀವಕ್ಕೂ ಅನ್ವಯಿಸುತ್ತದೆ. ಆದ್ದರಿಂದ ತಿಳಿದೂ ತಿಳಿದೂ ಹಾಗೆ ಮಾಡುವುದು ತಪ್ಪೆಂದು ಅವನಿಗೆ ಸ್ಪಷ್ಟವಾಗಿ ಹೇಳಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಸಂಕಟವನ್ನು ನಾನು ಕೇಳಿದಂತಾಗುತ್ತಿರಲಿಲ್ಲ. ಆದ್ದರಿಂದ ಕೇಳಿದೆ: "ಈ ಮೈಯನ್ನು ನೀನು ಯಾರಿಗೋಸ್ಕರ ಕಟ್ಟುತ್ತಿದ್ದೀಯ?"

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಫ್ಯಾಕ್ಟರಿಯಲ್ಲಿ ನನಗೆ ಬರೀ ಒಂದು ನಂಬರು ಫಾದರ್. ಅಲ್ಲಿ, ಜಿಮ್ಮಲ್ಲಿ, ನನ್ನನ್ನ ನೋಡ್ತಾ ಇದ್ದರು."

ಸಹೋದರ ಸಹೋದರಿಯರೇ, ಈ ಉತ್ತರವನ್ನು ಕೇಳಿ ನಾನು ಬೋಧನೆ ಮಾಡಲಾರದೆ ಹೋದೆ. ತೂಕದ ಮುಳ್ಳಿನಲ್ಲಿ ನಾನು ಹುಡುಕಿದ್ದೂ ಅದನ್ನೇ ಅಲ್ಲವೇ? ಧರ್ಮಸಭೆಯ ಧರ್ಮೋಪದೇಶ ಗ್ರಂಥ ಜೀವ ಮತ್ತು ಆರೋಗ್ಯಗಳು ದೇವರು ಒಪ್ಪಿಸಿಕೊಟ್ಟ ಅಮೂಲ್ಯ ವರಗಳೆನ್ನುತ್ತದೆ. ಅದರ ಬೆನ್ನಲ್ಲೇ, 2289ನೆಯ ಪರಿಚ್ಛೇದದಲ್ಲಿ, ದೇಹವನ್ನೇ ಪೂಜಿಸುವ, ಅದಕ್ಕಾಗಿ ಎಲ್ಲವನ್ನೂ ಬಲಿಕೊಡುವ ಮನೋಭಾವವನ್ನು ತಿರಸ್ಕರಿಸುತ್ತದೆ. ವರವನ್ನು ಬಳಸಬೇಕು, ಕಾಪಾಡಬೇಕು. ಆದರೆ ನನ್ನ ಬೆಲೆಯನ್ನು ಅದರಿಂದ ಅಳೆಯಬಾರದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಲ್ಲಿ ಓಟಗಾರನನ್ನೂ ಮುಷ್ಟಿಮಲ್ಲನನ್ನೂ ಮೆಚ್ಚುತ್ತಾರೆ. ಅದೇ ಉಸಿರಿನಲ್ಲಿ, ಅವರು ಬಾಡುವ ಕಿರೀಟಕ್ಕೆ ಓಡುತ್ತಾರೆ, ನಾವು ಬಾಡದ ಕಿರೀಟಕ್ಕೆ ಎಂದು ನೆನಪಿಸುತ್ತಾರೆ. ಗುರಿಯಿಲ್ಲದ ಓಟ ಬೇಡವೆಂಬುದೇ ಅಲ್ಲಿನ ತಿರುಳು. ಗುರಿ ಕನ್ನಡಿಯಲ್ಲಿದ್ದರೆ ಮುಳ್ಳು ನಿಂತ ದಿನ ಬದುಕೂ ನಿಲ್ಲುತ್ತದೆ. ಗುರಿ ಮಗುವನ್ನು ಎತ್ತಿ ಆಡಿಸುವುದಾದರೆ, ಪ್ರಾಯದ ತಾಯಿಗೆ ಆಸರೆಯಾಗುವುದಾದರೆ, ಮುಳ್ಳು ನಿಂತರೂ ಗುರಿ ಪ್ರತಿದಿನ ಈಡೇರುತ್ತಿರುತ್ತದೆ.

ನಾವಿಬ್ಬರೂ ಅಂದು ಮಾಡಿಕೊಂಡ ಒಪ್ಪಂದವನ್ನು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ. ಒಂದು ವಾರ ಪೂರ್ತಿ ಬಿಡುವು. ಆಮೇಲೆ ವಾರಕ್ಕೆ ನಾಲ್ಕು ದಿನ ಮಾತ್ರ, ಗಂಟೆ ಮೀರದಂತೆ. ಭಾನುವಾರ ಪ್ರಭುವಿನ ದಿನ, ಕಬ್ಬಿಣಕ್ಕೂ ರಜೆ. ರಾತ್ರಿ ಪಾಳಿಯ ವಾರದಲ್ಲಿ ಭಾರ ಅರ್ಧಕ್ಕೆ ಇಳಿಸುವುದು, ನಿದ್ದೆಯನ್ನು ಮೊದಲು ಮುಗಿಸುವುದು. ಮಾಡುತ್ತಿದ್ದ ಒಂದೇ ವ್ಯಾಯಾಮವನ್ನು ಬದಲಿಸುವುದು. ಭಾರ ಹೆಚ್ಚಿಸುವುದಾದರೆ ಸ್ವಲ್ಪ ಸ್ವಲ್ಪವಾಗಿ, ಕೆಲವು ವಾರಗಳಿಗೊಮ್ಮೆ ಮತ್ತೆ ಹಗುರ ಮಾಡುವುದು. ಭುಜದ ನೋವನ್ನು ವೈದ್ಯರಿಗೆ ತೋರಿಸುವುದು. ಮುದ್ದೆ, ಹುರುಳಿ, ಅವರೆ, ಮೊಟ್ಟೆ, ಮನೆಯವರೆಲ್ಲರೂ ಉಣ್ಣುವ ಊಟವನ್ನೇ ಕೂಡಿ ಉಣ್ಣುವುದು. ಇನ್ನು ನನ್ನ ಪಾಲಿಗೆ, ದಿನಕ್ಕೆ ಅರ್ಧ ಗಂಟೆ ನಡಿಗೆ. ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ನನ್ನಂಥವರಿಗೆ ಸಾಕು. ತೂಕ ನೋಡುವುದು ತಿಂಗಳಿಗೊಮ್ಮೆ. ಬೂಟು ಮಂಚದ ಕೆಳಗಲ್ಲ, ಬಾಗಿಲ ಬಳಿ.

ಇದನ್ನು ಗೆಲುವಿನ ಕಥೆಯಾಗಿ ಮುಗಿಸಲಾರೆ. ಆ ಯುವಕ ಇಂಜೆಕ್ಷನ್ ತೆಗೆದುಕೊಳ್ಳಲಿಲ್ಲ. ಎತ್ತುವ ಭಾರ ಸ್ವಲ್ಪ ಏರಿದೆಯಂತೆ, ಹೆಚ್ಚೇನಿಲ್ಲ. ನನ್ನ ತೂಕ ಎರಡು ಕಿಲೋ ಇಳಿದಿದೆ, ಸಕ್ಕರೆ ಹತೋಟಿಯಲ್ಲಿದೆ. ನಡುವೆ ಎರಡು ಸಲ ಮತ್ತೆ ನಿಲ್ಲಿಸಿ ಮತ್ತೆ ಶುರುಮಾಡಿದ್ದೇನೆ. ಗಂಟೆಯ ಹುಡುಗನ ಕ್ಷಮೆ ಕೇಳಿದೆ. ಅವನು ಅದನ್ನು ಆಗಲೇ ಮರೆತಿದ್ದ.

ಕಳೆದ ಭಾನುವಾರ ಪೂಜೆಯ ನಂತರ ಆ ಯುವಕ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ನಿಂತಿದ್ದ. "ಎಷ್ಟು ಕಿಲೋ?" ಎಂದು ತಮಾಷೆಗೆ ಕೇಳಿದೆ. "ಹದಿಮೂರು ಫಾದರ್, ತಿಂಗಳು ತಿಂಗಳು ಏರ್ತಾ ಇದೆ" ಎಂದ.

ಬನ್ನಿ, ನೀವೂ ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸುಸ್ವಾಮಿ ಪ್ರೇಷಿತರನ್ನು ಕರೆದದ್ದು ಅವರು ಕೆಲಸ ಕೆಡಿಸಿ ಬಂದಾಗಲ್ಲ, ಕೆಲಸ ಮಾಡಿ ಬಂದಾಗ ಎಂಬುದನ್ನು ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯ ತಿಳಿಸುತ್ತದೆ. ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ, ಓದುವ ಮಗಳಾಗಲಿ, ದುಡಿಯುವ ಗಂಡನಾಗಲಿ, ಅಡಿಗೆಮನೆಯ ತಾಯಿಯಾಗಲಿ, "ಇನ್ನು ನನ್ನ ಕೈಲಾಗದು" ಎಂದರೆ ಗದರಿಸುವ ಮೊದಲು ಒಂದು ಮಾತು ಕೇಳಿ: ಊಟ ಆಯಿತೇ, ನಿದ್ದೆ ಆಯಿತೇ? ದೇವದೂತನು ಎಲೀಯನಿಗೆ ಮಾಡಿದ ಸೇವೆ ಅಲ್ಲಿಂದಲೇ ಆರಂಭವಾಯಿತು.